ಕಾಕಾ ಮುಚ್ಚಿದ ಸಾಲುಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ತಾಳ್ಮೆ ಕಡಿಮೆ. ಅದರಲ್ಲೂ ಮುಗಿದ ಮೇಲೂ ಮುಗಿಯದೆ ತುದಿಯಲ್ಲಿ ಜೋತುಬಿದ್ದಿರುವ ಯಾವುದನ್ನು ಕಂಡರೂ ಕೈ ತುರಿಸುತ್ತದೆ. ಸೀರೆಯ ಅಂಚಿನಿಂದ ನೂಲೊಂದು ಇಳಿಬಿದ್ದಿದ್ದರೆ, ಅದು ಬಸ್ಸಿನಲ್ಲಿ ಪಕ್ಕದ ಸೀಟಿನವರ ಸೀರೆಯಾದರೂ ಸರಿ, ಕಿತ್ತುಬಿಡುತ್ತೇನೆ. ನಮ್ಮ ಕಡೆಯವರಿಗೋ 'ಬರ್ತೇನ್ರಿ' ಎಂದು ಎದ್ದ ಮೇಲೆಯೇ ನಿಜವಾದ ಮಾತು ನೆನಪಾಗುವುದು. ಬಾಗಿಲಲ್ಲಿ ಒಂದಿಷ್ಟು, ಮೆಟ್ಟಿಲ ಮೇಲೆ ಒಂದಿಷ್ಟು, ಉಳಿದದ್ದೆಲ್ಲ ಗೇಟಿನ ಚಿಲಕ ಹಿಡಿದುಕೊಂಡು. ಒಳಗೆ ಕೂತಷ್ಟು ಹೊತ್ತು ಬಿಸಿಲಿನ ಬಗ್ಗೆ ಮಾತಾಡಿದವರು ಮಗಳ ಲಗ್ನ ಗೊತ್ತಾದ ಸುದ್ದಿಯನ್ನು ಗೇಟಿನಲ್ಲಿ ಹೇಳುತ್ತಾರೆ. ಅಂಥವರನ್ನು ಎಷ್ಟೋ ಸಲ ಅರ್ಧ ಮಾತಿನಲ್ಲೇ ಕಳಿಸಿ ಚಿಲಕ ಹಾಕಿಕೊಂಡಿದ್ದೇನೆ. ಈ ಸ್ವಭಾವದಿಂದ ನಮ್ಮ ಓಣಿಯಲ್ಲಿ ನನಗೆ ಒಳ್ಳೆಯ ಹೆಸರೇನೂ ಇಲ್ಲ.

ಹೊಟ್ಟೆಪಾಡಿಗೆ ಹಿಡಿದದ್ದೂ ಈ ಸ್ವಭಾವಕ್ಕೆ ಒಪ್ಪುವ ಕೆಲಸವನ್ನೇ. ಧಾರವಾಡದಲ್ಲಿ ಬಹಳ ವರ್ಷ ಹುಡುಗರಿಗೆ ಪ್ರೋಗ್ರಾಮಿಂಗ್ ಕಲಿಸಿದೆ. ಅದರಲ್ಲಿ ಟ್ರಿಮ್ ಎಂಬ ಪುಟ್ಟ ಆಜ್ಞೆಯೊಂದಿದೆ. ಯಾರೋ ತಮ್ಮ ಹೆಸರು ಟೈಪ್ ಮಾಡಿ ಕೊನೆಗೆ ಸುಮ್ಮನೆ ಒಮ್ಮೆ ಸ್ಪೇಸ್ ಒತ್ತಿರುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಬರೀ ಹೆಸರು ಬೇರೆ, ಖಾಲಿ ಜಾಗ ಅಂಟಿಸಿಕೊಂಡ ಹೆಸರು ಬೇರೆ. ಹುಡುಕಿದರೆ ಆ ಮನುಷ್ಯನೇ ಸಿಗುವುದಿಲ್ಲ. ಟ್ರಿಮ್ ಎಂದರೆ ಸಾಕು, ತುದಿಗೆ ಅಂಟಿದ್ದು ಉದುರಿ ಸಾಲು ಚೊಕ್ಕಟವಾಗುತ್ತದೆ. ತರಗತಿಯಲ್ಲಿ ಬಾಲ ಬಿಚ್ಚುವ ಹುಡುಗರಿಗೂ ಇಂಥದ್ದೊಂದು ಆಜ್ಞೆ ಇದ್ದಿದ್ದರೆ ಎಂದು ನಾನು ಹಲ್ಲು ಕಡಿದ ದಿನಗಳುಂಟು.

ಕೆಲಸ ಬಿಟ್ಟು ಹುಬ್ಬಳ್ಳಿ ಧಾರವಾಡಗಳ ನಡುವಿನ ನವನಗರದ ಮನೆಯಲ್ಲಿ ಕೂತ ಮೇಲೆ ಇನ್ನು ಯಾರ ಬಾಲದ ಉಸಾಬರಿಯೂ ನನಗಿಲ್ಲ ಅಂದುಕೊಂಡಿದ್ದೆ. ಎದುರು ಮನೆಯ ಕಾಕಾ ಇದ್ದಾರಲ್ಲ, ಅವರಿಂದಾಗಿ ಅದು ಆಗಲಿಲ್ಲ.

ಇಡೀ ಓಣಿಗೇ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕಾ ಹುಬ್ಬಳ್ಳಿಯ ಮಾರ್ಕೆಟ್ಟಿನ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ದಿವಾನಜಿ ಆಗಿದ್ದವರು, ಅಂದರೆ ಅಂಗಡಿಯ ಲೆಕ್ಕಪತ್ರವೆಲ್ಲ ಬರೆಯುವವರು. ಆ ಬರವಣಿಗೆಗೆ ಒಂದು ಕಟ್ಟಳೆ ಇದೆ. ಅಂಕಿ ಬರೆದಾದ ಮೇಲೆ ಅದರ ಮುಂದೆ ಒಂದು ಓರೆ ಗೆರೆ, ಒಂದು ಅಡ್ಡ ಗೆರೆ ಎಳೆದು ಸಾಲು ಮುಚ್ಚಬೇಕು. ಅಂಗಡಿಯ ಚೀಟಿಗಳಲ್ಲಿ ನೀವೂ ನೋಡಿರುತ್ತೀರಿ: 100/-. ತೆರೆದಿಟ್ಟರೆ ಯಾರಾದರೂ ಇನ್ನೊಂದು ಸೊನ್ನೆ ಸೇರಿಸಿಯಾರು ಎಂಬ ಭಯ.

'ಮುಚ್ಚಿದ ಸಾಲಿಗೆ ದೆವ್ವ ಬಂದ್ರೂ ಏನೂ ಸೇರಸಾಂಗಿಲ್ರಿ ಅಕ್ಕಾರ,' ಎಂದು ಕಾಕಾ ನನಗೆ ಒಮ್ಮೆ ಹೇಳಿದ್ದರು. ಕಲಿಸುವ ಹೆಂಗಸರಿಗೆ ನಮ್ಮಲ್ಲಿ ಅಕ್ಕಾರ ಎನ್ನುವುದು ರೂಢಿ. ಕೆಲಸ ಬಿಟ್ಟರೂ ನನಗೆ ಆ ಹೆಸರು ಬಿಟ್ಟಿರಲಿಲ್ಲ.

ಕಾಕಾರ ಕೈಗೆ ಹತ್ತಿದ ಈ ಚಟ ಅಂಕಿಗಳಲ್ಲೇ ನಿಂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಹಾಲಿನವನಿಗೆ ಚೀಟಿ ಬರೆದಿಟ್ಟರೂ 'ನಾಳೆ ಹಾಲು ಬೇಡ/-' ಎಂದೇ ಬರೆಯುವುದು. ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿದ ಮನೆ ನಂಬರಿಗೂ ಅದೇ ಬಾಲ. ಕಾಕು ಅದನ್ನು ಹೇಳಿಕೊಂಡು ನಗುತ್ತಿದ್ದರು: 'ಮಗಳು ಹುಟ್ಟಿದಾಗ ನಮ್ಮ ತವರಮನಿಗೆ ಇವ್ರು ಕಾಗದ ಬರದಿದ್ರು, ಹೆಣ್ಣು ಮಗು ಅಂತ ಬರದು ಮುಂದ ಗೆರಿ ಎಳದು ಮುಚ್ಚಿಬಿಟ್ಟಿದ್ರು. ಅದಕ್ಕ ನೋಡ್ರಿ ಅಕ್ಕಾರ, ಮುಂದ ಒಂದೂ ಆಗ್ಲಿಲ್ಲ!' ಕಾಕಾ ಆಗ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಆ ಒಬ್ಬಳೇ ಮಗಳಿಗೆ ಹೈಸ್ಕೂಲು ದಾಟುವಷ್ಟರಲ್ಲಿ ಕಣ್ಣು ಮಂದವಾಗುತ್ತ ಬಂದು, ಕಾಲೇಜು ಮುಗಿಯುವ ಹೊತ್ತಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣದಂತಾಯಿತು. ಅಳುವ ಹುಡುಗಿಯಲ್ಲ. ಕೈಯಲ್ಲಿ ಬಿಳಿ ಕೋಲು, ಕಿವಿಯಲ್ಲಿ ಇಯರ್‌ಫೋನು, ಬಾಯಲ್ಲಿ ಯಾವಾಗಲೂ ಒಂದು ಚೇಷ್ಟೆಯ ಮಾತು. ಸರಕಾರಿ ಕ್ಲರ್ಕ್ ಪರೀಕ್ಷೆ ಪಾಸಾಗಲೇಬೇಕೆಂದು ಹಟ ಹಿಡಿದು ಧಾರವಾಡದ ಕೋಚಿಂಗ್ ಕ್ಲಾಸಿಗೆ ಸೇರಿದ್ದಳು. ಕಷ್ಟ ಇದ್ದದ್ದು ಪುಸ್ತಕದ್ದು. ಫೋನಿನಲ್ಲಿ ಟೈಪ್ ಮಾಡಿದ್ದೇನಿದ್ದರೂ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಕನ್ನಡದ ಪುಸ್ತಕಗಳನ್ನು ಫೋಟೋ ತೆಗೆದು ಓದಿಸಿದರೆ ಒತ್ತಕ್ಷರಗಳೆಲ್ಲ ಕಲಸುಮೇಲೋಗರವಾಗಿ ಒಂದು ಸಾಲೂ ನೆಟ್ಟಗೆ ಕೇಳುತ್ತಿರಲಿಲ್ಲ.

ಅದೇ ದಿನಗಳಲ್ಲಿ ಕಾಕಾರ ಅಂಗಡಿಯಲ್ಲಿ ಮಾಲಕರ ಮಕ್ಕಳು ಹೊಸ ಬಿಲ್ಲಿಂಗ್ ಕಂಪ್ಯೂಟರು ತಂದು, ಹಿರಿಯರಿಗೆ ಶಾಲು ಹೊದಿಸಿ ಕೈಮುಗಿದು ಮನೆಗೆ ಕಳಿಸಿದ್ದರು. ಕಾಕಾ ಬೆಳಗಿನಿಂದ ಸಂಜೆಯವರೆಗೆ ಪಡಸಾಲೆಯ ಕುರ್ಚಿಯಲ್ಲಿ ಕೂತು ಧಾರವಾಡಕ್ಕೆ ಹೋಗುವ ಬಸ್ಸು, ಹುಬ್ಬಳ್ಳಿಗೆ ಹೋಗುವ ಬಸ್ಸು ನೋಡುತ್ತಿದ್ದರು. ಮಾತಾಡಿಸಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ನೋಡಿದರೆ ಸಂಕಟವಾಗುತ್ತಿತ್ತು. ಒಂದು ದಿನ ಮಗಳೇ ಕೇಳಿದಳಂತೆ: 'ಅಪ್ಪಾ, ನನ್ನ ಪುಸ್ತಕ ಟೈಪ್ ಮಾಡಿ ಕೊಡ್ತೀಯೇನು?'

ಮರುದಿನದಿಂದ ಕಾಕಾ ಬೇರೆಯೇ ಆದರು. ಬೆಳಿಗ್ಗೆ ಸ್ನಾನ, ಪೂಜೆ, ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಅಂಗಡಿಯವರು ಹಳೆಯದೆಂದು ಕೊಟ್ಟ ಕಂಪ್ಯೂಟರಿನ ಮುಂದೆ, ಹಿಂದೆ ಅಂಗಡಿಯ ಗಾದಿಯ ಮೇಲೆ ಕೂರುತ್ತಿದ್ದಷ್ಟೇ ಗತ್ತಿನಿಂದ ಕೂತು ಒಂದೇ ಬೆರಳಲ್ಲಿ ಟೈಪ್ ಮಾಡುವುದು. ಟೈಪ್ ಮಾಡಿ ಸೇವ್ ಮಾಡಿದ್ದು ತಾನಾಗಿಯೇ ಮಗಳ ಫೋನಿಗೂ ಹೋಗುವಂತೆ ನಾನೇ ಹೊಂದಿಸಿಕೊಟ್ಟೆ. ಕಾಕುಗಂತೂ ಗಂಡ ಮತ್ತೆ ಕೆಲಸಕ್ಕೆ ಹತ್ತಿದ ಹಾಗೆ ಖುಷಿ. ಹೊತ್ತು ಹೊತ್ತಿಗೆ ಚಾ ತಂದಿಟ್ಟು, 'ದಿವಾನಜಿ ಸಾಹೇಬ್ರ, ತಗೋರಿ,' ಎಂದು ಚುಡಾಯಿಸುತ್ತಿದ್ದರು.

ಕೆಲವು ತಿಂಗಳ ನಂತರ, ಕಾಕಾ ಕಾಯಿಪಲ್ಲೆ ತರಲು ಹೋಗಿದ್ದ ಹೊತ್ತು ನೋಡಿ ಆ ಹುಡುಗಿ ಕೋಲು ಊರಿಕೊಂಡು ನನ್ನ ಮನೆಗೆ ಬಂದಳು.

'ಅಕ್ಕಾರ, ಒಂದು ಮಾತು ಹೇಳ್ತೇನ್ರಿ. ಅಪ್ಪಾಗ ಹೇಳಬಾರ್ದು.'

ಹೇಳುವ ಬದಲು ಇಯರ್‌ಫೋನು ತೆಗೆದು ನನ್ನ ಕೈಗೆ ಕೊಟ್ಟಳು. ಹಾಕಿಕೊಂಡೆ. ಫೋನಿನ ಹೆಂಗಸು ಭಾವವೇ ಇಲ್ಲದ ದನಿಯಲ್ಲಿ ಓದುತ್ತಿದ್ದಳು: 'ಕರ್ನಾಟಕದ ರಾಜ್ಯಪಕ್ಷಿ ಯಾವುದು ಸ್ಲ್ಯಾಶ್ ಡ್ಯಾಶ್. ನೀಲಕಂಠ ಸ್ಲ್ಯಾಶ್ ಡ್ಯಾಶ್. ಕರ್ನಾಟಕದ ಜಿಲ್ಲೆಗಳೆಷ್ಟು ಸ್ಲ್ಯಾಶ್ ಡ್ಯಾಶ್. ಮೂವತ್ತೊಂದು ಪಾಯಿಂಟ್ ಸೊನ್ನೆ ಸೊನ್ನೆ ಸ್ಲ್ಯಾಶ್ ಡ್ಯಾಶ್.' ಕಾಕಾ ಅಂಗಡಿಯಲ್ಲಿ ತೂಕ ಬರೆಯುವ ಹಾಗೆ ಜಿಲ್ಲೆಗಳನ್ನೂ 31.00/- ಎಂದು ಬರೆದಿದ್ದರು. ಅರ್ಧ ಪುಟ ಕೇಳುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದು ಇಯರ್‌ಫೋನು ಕಿತ್ತೆ.

'ಇದನ್ನ ದಿನಾ ಕೇಳ್ತೀಯೇನs?' ಎಂದೆ.

'ಕನಸಿನ್ಯಾಗೂ ಬರ್ತೈತ್ರಿ. ಮೊನ್ನೆ ಕ್ಲಾಸಿನ್ಯಾಗ ಸರ್ ರಾಜ್ಯಪಕ್ಷಿ ಕೇಳಿದ್ರು. ನಾ ಎದ್ದು ನಿಂತು ನೀಲಕಂಠ ಸ್ಲ್ಯಾಶ್ ಡ್ಯಾಶ್ ಅಂದ್ಬಿಟ್ಟೆ. ಎಲ್ಲಾರೂ ಬಿದ್ದು ಬಿದ್ದು ನಕ್ರು.'

ಚಿಹ್ನೆಗಳನ್ನು ಓದಬೇಡ ಎಂದು ಫೋನಿಗೆ ಹೇಳಬಹುದು, ಆ ಸೌಲಭ್ಯ ಇದೆ. ಆದರೆ ಹಾಗೆ ಮಾಡಿದರೆ ಗಣಿತದಲ್ಲಿ ಕಳೆಯುವ ಚಿಹ್ನೆಯೂ ದಶಾಂಶದ ಚುಕ್ಕೆಯೂ ಮೂಕವಾಗುತ್ತವೆ. ಅದನ್ನೂ ಅವಳು ಮಾಡಿ ನೋಡಿದ್ದಳು. 'ಅಪ್ಪಾಗ ಬಿಡು ಅಂತ ಹೇಳಿದ್ರ ಆತಲ್ಲ,' ಎಂದೆ ನಾನು, ನನ್ನ ಸ್ವಭಾವಕ್ಕೆ ತಕ್ಕಂತೆ.

'ಹೇಳಿದ್ರ ಬಿಡ್ತಾನ್ರಿ. ಆದ್ರ ಆಮ್ಯಾಲೆ ಒಂದೊಂದು ಸಾಲಿಗೂ ಹೆದರಕೋತ ಟೈಪ್ ಮಾಡ್ತಾನ. ಈಗ ಹೆಂಗ ಗತ್ತಿನಿಂದ ಕುಂದರತಾನ ನೀವೂ ನೋಡೀರಿ. ಆ ಗತ್ತು ಹೋಗಬಾರ್ದ್ರಿ ಅಕ್ಕಾರ.'

ಮುಚ್ಚಿಟ್ಟು ಮಾಡುವ ಕೆಲಸ ನನಗೆ ಒಗ್ಗುವುದಿಲ್ಲ. ಆದರೂ ಒಪ್ಪಿದೆ. ಕಾಕಾ ಇಲ್ಲದಾಗ ಅವರ ಕಂಪ್ಯೂಟರಿನಲ್ಲಿ ಸಣ್ಣದೊಂದು ಪ್ರೋಗ್ರಾಮ್ ಹಾಕಿ, ಹಳೆಯ ಫೈಲುಗಳ ಮೇಲೂ ಒಮ್ಮೆ ಓಡಿಸಿ ಬಂದೆ. ಅವರು ಫೈಲು ಸೇವ್ ಮಾಡಿ ಮುಚ್ಚಿದ ಕೂಡಲೇ ಅದು ಒಂದೊಂದೇ ಸಾಲಿನ ತುದಿ ಕತ್ತರಿಸಿ, ಅದೇ ಫೈಲಿನಲ್ಲೇ ಇಟ್ಟು ಬರುತ್ತದೆ. ಮುಗಿದ ಪುಟವನ್ನು ಅಪ್ಪ ತಿರುಗಿ ನೋಡುವವನಲ್ಲ ಎಂದು ಮಗಳು ಹೇಳಿದ್ದಳು. ದಿವಾನಜಿಗಳ ಪ್ರಕಾರ ಮುಚ್ಚಿದ ಸಾಲು ಮುಚ್ಚಿತು.

ಇಲ್ಲಿ ಟ್ರಿಮ್ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಏನನ್ನು ಕತ್ತರಿಸಬೇಕು ಎಂದು ನಾವು ಅದಕ್ಕೆ ಗುರುತುಗಳನ್ನು ಕೊಡುತ್ತೇವೆ. ಕಾಕಾರ ಬೆರಳು ನಡುಗಿ ಒಂದೊಂದು ಸಲ ಗೆರೆ ಎರಡು ಬೀಳುತ್ತಿತ್ತು, ಒಮ್ಮೊಮ್ಮೆ ಮುಂದೆ ಖಾಲಿ ಜಾಗವೂ ಇರುತ್ತಿತ್ತು. ಅದಕ್ಕೆ ನಾನು ಓರೆ ಗೆರೆ, ಅಡ್ಡ ಗೆರೆ, ಖಾಲಿ ಜಾಗ ಮೂರನ್ನೂ ಕೊಟ್ಟಿದ್ದೆ. ಅದು ಸಾಲಿನ ತುದಿಯಿಂದ ಒಳಗೆ ಬರುತ್ತಾ, ಕೊಟ್ಟ ಗುರುತುಗಳಲ್ಲಿ ಯಾವುದು ಸಿಕ್ಕರೂ ತಿನ್ನುತ್ತದೆ, ಹಿತ್ತಲಿಗೆ ಬಿಟ್ಟ ಆಡಿನ ಹಾಗೆ. ಕೊಡದೆ ಇದ್ದದ್ದು ಎದುರಾದಾಗ ಮಾತ್ರ ನಿಲ್ಲುತ್ತದೆ. ಮೊದಲ ದಿನ ಫೋನಿನ ಹೆಂಗಸು 'ನೀಲಕಂಠ' ಎಂದು ಹೇಳಿ ಬಾಯಿ ಮುಚ್ಚಿದಾಗ ಆ ಹುಡುಗಿ ಕುಣಿದಾಡಿದಳು.

ಒಂದು ವಾರದ ಮೇಲೆ ಮತ್ತೆ ಬಂದಳು. 'ಆ ಪಾಯಿಂಟ್ ಸೊನ್ನೆ ಸೊನ್ನೆ ಒಂದು ಉಳದೈತ್ರಿ.' ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ, ಉಕ್ಕುವ ಹೊತ್ತು. ಅದೇನು ಮಹಾ ಎಂದು ನನ್ನ ಕಂಪ್ಯೂಟರಿನಿಂದಲೇ ಚುಕ್ಕೆಯನ್ನೂ ಸೊನ್ನೆಯನ್ನೂ ಅದೇ ಗುರುತುಗಳ ಜೊತೆಗೆ ಸೇರಿಸಿ ಕಳಿಸಿದೆ. 31.00/- ಎಂಬುದು ಚೆಂದವಾಗಿ 31 ಆಯಿತು. ಹಾಲೂ ಉಕ್ಕಲಿಲ್ಲ.

ಆಡಿಗೆ ಸೊನ್ನೆಯ ರುಚಿ ಹತ್ತಿದರೆ ಏನಾಗುತ್ತದೆಂದು ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ನಾನೇ. ಕಾಕಾ ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20.00/- ಎಂದು ಬರೆದರೆ, ಅದು ಗೆರೆಗಳನ್ನು ತಿಂದು, ಸೊನ್ನೆಗಳನ್ನು ತಿಂದು, ಚುಕ್ಕೆ ತಿಂದು, ಇಪ್ಪತ್ತರ ಸೊನ್ನೆಯನ್ನೂ ತಿಂದು ಎರಡರ ಹತ್ತಿರ ನಿಂತಿತು. ಪಾದರಸದ 80 ಹೋಗಿ 8 ಆಯಿತು. ಗಣಿತದ ಉತ್ತರ 240 ಇದ್ದದ್ದು 24. ಆ ಹುಡುಗಿ ಓದಿದ್ದು ಆರ್ಟ್ಸು. ಪಾದರಸ ಎಂಟಾದರೇನು ಎಂಬತ್ತಾದರೇನು, ಅವಳಿಗೆ ಎರಡೂ ಬಾಯಿಪಾಠ ಮಾಡುವ ಸಂಗತಿಗಳೇ. ಅಪ್ಪ ಟೈಪ್ ಮಾಡಿದ್ದು ತಪ್ಪಿರುವುದಿಲ್ಲ ಎಂಬ ನಂಬಿಕೆಯಿಂದ ಎಲ್ಲವನ್ನೂ ಶ್ರದ್ಧೆಯಿಂದ ಉರು ಹೊಡೆದಳು.

ಕೋಚಿಂಗ್‌ನ ಪರೀಕ್ಷೆಯಲ್ಲಿ ಯಾವಾಗಲೂ ಮುಂದಿದ್ದವಳು ಒಮ್ಮೆಲೇ ಹಿಂದೆ ಬಿದ್ದಳು. ಊಟಕ್ಕೆ ಕೂತಾಗ ಸಹಜವಾಗಿ ಅಂದಳಂತೆ, 'ಅಪ್ಪಾ, ಪಾದರಸದ್ದು ಎಂಟಲ್ಲಂತ, ಎಂಬತ್ತಂತ. ಒಂದು ಸಲ ನೋಡು.' ಅಷ್ಟು ಹೇಳಿ ಮರುದಿನದ ಓದಿಗೆ ಎದ್ದು ಹೋದಳು.

ಇದೆಲ್ಲ ನನಗೆ ಗೊತ್ತಾದದ್ದು ಕಾಕುವಿನಿಂದ. ಒಂದು ಮಧ್ಯಾಹ್ನ ಅವರು ನಮ್ಮ ಗೇಟಿಗೆ ಬಂದು, ಸಕ್ಕರೆ ಕೇಳಿ, ತೆಗೆದುಕೊಂಡು, 'ಬರ್ತೇನ್ರಿ' ಎಂದು ಹೊರಟು, ಚಿಲಕ ಹಿಡಿದು ನಿಂತರು. ನಾನು ಬಾಗಿಲು ಹಾಕುವವಳಿದ್ದೆ. ಅವರ ಮುಖ ನೋಡಿ ಕೈ ತಡೆಯಿತು.

'ಇವ್ರು ಟೈಪ್ ಮಾಡೂದು ಬಿಟ್ಟಾರ್ರಿ ಅಕ್ಕಾರ. ಕಂಪ್ಯೂಟರಿಗೆ ಟಾವೆಲ್ ಹೊಚ್ಚಿ ಮತ್ತ ಆ ಕುರ್ಚಿ ಹಿಡದಾರ.'

'ಯಾಕ? ಏನಾತು?'

'ತಮ್ಮ ಕಣ್ಣು ನೋಯ್ತಾವ ಅಂತ ಮಗಳಿಗೆ ಹೇಳ್ಯಾರ. ಖರೇ ಅದಲ್ಲ.' ಕಾಕು ದನಿ ತಗ್ಗಿಸಿದರು. 'ಹಳೆ ಪುಟ ತಗದು ನೋಡಿದ್ರಂತ. ಒಂದು ಸಾಲೂ ಮುಚ್ಚಿಲ್ಲಂತ. ಪುಟದ ಮ್ಯಾಲೆ ಪುಟ, ಎಲ್ಲಾ ತೆರದs ಬಿಟ್ಟಾರಂತ. ನಂದು ತಲಿ ಕೆಡಾಕತ್ತೈತಿ, ಅಪ್ಪಗ ಆದಂಗ ನನಗೂ ಆತು ಅಂತಾರ. ನಮ್ಮ ಮಾವಾರಿಗೆ ಕಡೀಕಡೀಕ ಮನಿ ಮಂದಿ ಗುರ್ತs ಸಿಗ್ತಿರಲಿಲ್ಲಲ್ರಿ. ಹಂಗ ಆದ್ರ ಏನು ಮಾಡೂದು?'

ನನಗೆ ನಿಂತಲ್ಲೇ ಎಲ್ಲ ಹೊಳೆಯಿತು. ಆ ಮನುಷ್ಯ ಅಂಕಿ ತಪ್ಪಿದ್ದಕ್ಕೆ ಅಷ್ಟಾಗಿ ಹೆದರಿರಲಿಲ್ಲ. ಅಂಕಿ ಯಾರದಾದರೂ ತಪ್ಪುತ್ತದೆ. ಸಾಲು ಮುಚ್ಚುವುದನ್ನು ಮರೆತೆ ಎಂಬುದೇ ಅವರನ್ನು ಕೆಡವಿತ್ತು. ಹೆಂಡತಿಯ ಹೆಸರು ಮರೆತರೂ ಅದನ್ನು ಮರೆಯುವವರಲ್ಲ ಅವರು. ಅವರಿಗೆ ನೋವಾಗಬಾರದೆಂದು ಮುಚ್ಚಿಟ್ಟು ಮಾಡಿದ ಕೆಲಸ ಅವರನ್ನು ಅವರ ಅಪ್ಪನ ಕೊನೆಗಾಲದ ಭಯಕ್ಕೆ ತಳ್ಳಿತ್ತು. ಇತ್ತ ಪರೀಕ್ಷೆ ಹತ್ತಿರ ಬಂದಿತ್ತು. ಇನ್ನೂ ಟೈಪ್ ಆಗದ ಪುಸ್ತಕ ಅರ್ಧದಷ್ಟಿತ್ತು.

ಆಗಲೇ ಎದ್ದು ಹೋಗಿ ಹೇಳಿಬಿಡೋಣ ಎಂದು ಚಪ್ಪಲಿ ಮೆಟ್ಟಿದೆ. ಆದರೆ ಗುಟ್ಟು ನನ್ನೊಬ್ಬಳದಲ್ಲ. ಸಂಜೆ ಬಸ್ ಸ್ಟಾಪಿಗೆ ಹೋಗಿ ನಿಂತೆ. ಧಾರವಾಡದ ಬಸ್ಸಿನಿಂದ ಇಳಿದವಳ ಕೈ ಹಿಡಿದು, ನಡೆಯುತ್ತ ನಡೆಯುತ್ತಲೇ ಎಲ್ಲ ಹೇಳಿದೆ. ಅವಳು ನಡುರಸ್ತೆಯಲ್ಲಿ ನಿಂತುಬಿಟ್ಟಳು. ಹಿಂದಿನಿಂದ ಆಟೋದವನು ಹಾರ್ನ್ ಬಾರಿಸಿದ. ನಾನು ಅವನಿಗೆ ಬೈದೆ.

'ನಾ ಹೇಳ್ತೇನ್ರಿ ಅಪ್ಪಾಗ,' ಎಂದಳು. 'ಲಗೂ ನಡೀರಿ.' ಆಮೇಲೆ ಅವಳೇ ನನ್ನನ್ನು ಎಳೆದುಕೊಂಡು ಹೋದ ಹಾಗಾಯಿತು.

ಕಾಕಾ ಕುರ್ಚಿಯಲ್ಲಿದ್ದರು. ಬಿಳಿ ಅಂಗಿ ಇರಲಿಲ್ಲ, ಮನೆಯ ಬನಿಯನ್ನು. ಜೇಬಿಲ್ಲದ್ದರಿಂದ ಪೆನ್ನೂ ಇಲ್ಲ. ಮಗಳು ಕೋಲು ಬದಿಗಿಟ್ಟು ಅವರ ಕಾಲ ಹತ್ತಿರ ನೆಲಕ್ಕೆ ಕೂತು ಮೊಣಕಾಲು ಹಿಡಿದುಕೊಂಡಳು.

'ಅಪ್ಪಾ, ನೀ ಸಾಲು ಮುಚ್ಚೂದು ಮರತಿಲ್ಲ. ನೀ ಮುಚ್ಚಿದ್ದನ್ನ ನಾವು ತಗದೇವಿ.'

ಕಾಕಾ ಅವಳನ್ನೂ ನನ್ನನ್ನೂ ನೋಡಿದರು. ಅರ್ಥವಾದ ಹಾಗೆ ಕಾಣಲಿಲ್ಲ. ನಾನು ನಿಂತುಕೊಂಡೇ ಪಾಠ ಒಪ್ಪಿಸುವವಳ ಹಾಗೆ ಎಲ್ಲ ಹೇಳಿದೆ, ಫೋನಿನ ಹೆಂಗಸಿನಿಂದ ಹಿಡಿದು ಆಡು ಸೊನ್ನೆ ತಿಂದದ್ದರ ತನಕ. 'ನಿಮ್ಮ ಎಂಬತ್ತು ಎಂಬತ್ತs ಇತ್ತು ಕಾಕಾ. ಅದನ್ನ ಎಂಟು ಮಾಡಿದ್ದು ನನ್ನ ಪ್ರೋಗ್ರಾಮು,' ಎಂದು ಮುಗಿಸಿ ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಮಾರ್ಕೆಟ್ಟಿನಲ್ಲಿ ಅವರ ಸಿಟ್ಟಿಗೆ ಹಮಾಲರೂ ಹೆದರುತ್ತಿದ್ದರೆಂದು ಕಾಕು ಹೇಳಿದ್ದು ನೆನಪಿತ್ತು.

ಕಾಕಾ ಕೇಳಿದ್ದು ಬೇರೆ. 'ಅಂದ್ರ... ನಾ ಎಲ್ಲಾ ಸಾಲೂ ಮುಚ್ಚಿದ್ನಿ?'

'ಒಂದೂ ಬಿಟ್ಟಿಲ್ಲಪ್ಪಾ,' ಎಂದಳು ಮಗಳು. 'ದಿನಾ ಕೇಳಿದಾಕಿ ನಾ. ಒಂದೂ ಬಿಟ್ಟಿಲ್ಲ.'

'ಖರೇನs?'

ಬಾಯಿಮಾತನ್ನು ನಂಬುವ ಕಸುಬು ಅವರದಲ್ಲ. ನಾನು ಹೋಗಿ ಕಂಪ್ಯೂಟರಿನ ಮೇಲಿನ ಟಾವೆಲ್ ಎಳೆದು ಬಿಸಾಕಿ, ನನ್ನ ಪ್ರೋಗ್ರಾಮನ್ನು ನಿಲ್ಲಿಸಿ, 'ಬರ್ರಿ, ಒಂದು ಸಾಲು ಟೈಪ್ ಮಾಡ್ರಿ,' ಎಂದೆ. ಕಾಕಾ ಎದ್ದು ಬಂದು ಕೂತರು. ಒಂದು ಬೆರಳಲ್ಲಿ, ಹುಡುಕಿ ಹುಡುಕಿ, 'ಪಾದರಸ' ಎಂದು ಹೊಡೆದರು. 80.00 ಹೊಡೆದರು. ಆಮೇಲೆ ಅವರು ಕೀಬೋರ್ಡ್ ನೋಡಲಿಲ್ಲ. ಬೆರಳು ತಾನಾಗಿ ಹೋಗಿ ಓರೆ ಗೆರೆ ಒತ್ತಿತು, ಅಡ್ಡ ಗೆರೆ ಒತ್ತಿತು. ಸೇವ್ ಮಾಡಿಸಿ, ಮುಚ್ಚಿಸಿ, ಮತ್ತೆ ತೆಗೆಸಿದೆ. ಸಾಲು ಅವರು ಬಿಟ್ಟ ಹಾಗೆಯೇ ಇತ್ತು, ಬಾಲ ಸಮೇತ.

ಕಾಕಾ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಬನಿಯನ್ನಿನ ತುದಿಯಿಂದ ಒರೆಸಿದರು, ಕಣ್ಣನ್ನೂ ಅದರಿಂದಲೇ ಒರೆಸಿಕೊಂಡರು. ಬಾಗಿಲಲ್ಲಿ ನಿಂತ ಕಾಕು ಸೆರಗು ಬಾಯಿಗೆ ಹಚ್ಚಿಕೊಂಡು ಅಳುತ್ತಿದ್ದರು. ಇಷ್ಟು ದಿನ ಆ ಎರಡು ಗೆರೆಗಳನ್ನು ಕಸವೆಂದು ತಿಳಿದಿದ್ದವಳಿಗೆ ಅವನ್ನು ಅಲ್ಲಿ ನೋಡಿ ಆದಷ್ಟು ಸಂತೋಷ ಹೇಳಲಾರೆ.

ಸಿಟ್ಟು ಬಂತು, ಆದರೆ ತಡವಾಗಿ ಬಂತು, ಬರುವಾಗ ನಗೆಯನ್ನೂ ಕರೆದುಕೊಂಡು ಬಂತು. 'ಅಲ್ರಿ ಅಕ್ಕಾರ, ಎಂಬತ್ತನ್ನ ಎಂಟು ಮಾಡೂ ಮಂದಿ ನಮ್ಮ ಅಂಗಡ್ಯಾಗ ಇದ್ದಿದ್ರ ಅವತ್ತs ಮನೀಗೆ ಕಳಸ್ತಿದ್ವಿ!'

'ನನ್ನ ಯಾರೂ ಕಳಸೂದು ಬ್ಯಾಡ, ನಾನs ಬಿಟ್ಟು ಬಂದೀನಿ,' ಎಂದೆ.

ಆಮೇಲೆ ಕಾಕಾ ಮಗಳ ಇಯರ್‌ಫೋನು ಕೇಳಿ ಹಾಕಿಕೊಂಡರು. ತಾವು ಟೈಪ್ ಮಾಡಿದ್ದು ಅವಳ ಕಿವಿಗೆ ಹೇಗೆ ಬೀಳುತ್ತದೆಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಆ ಪಾದರಸದ ಸಾಲನ್ನು ಬಾಲ ಸಮೇತ ಕೇಳಿ, ಮುಖ ಕಿವುಚಿ, ತೆಗೆದಿಟ್ಟರು. ಮಗಳ ತಲೆಯ ಮೇಲೆ ಕೈಯಿಟ್ಟು, 'ಇಷ್ಟು ದಿನ ಇದನ್ನ ಕೇಳಿಕೋತ ಓದೀಯೇನವ್ವಾ ನೀ?' ಎಂದರು. 'ನಾಳಿಂದ ಗೆರಿ ಹಾಕಾಂಗಿಲ್ಲ.'

'ನಿನ್ನ ಕೈಲೆ ಆಗೂದಲ್ಲ ಬಿಡು,' ಎಂದಳು ಅವಳು. ಕೂಡಲೇ ಅದರ ಪರೀಕ್ಷೆಯೂ ಆಯಿತು. ಕಾಕಾ ಒಂದು ಸಾಲು ಟೈಪ್ ಮಾಡಿ, ಬೆರಳು ಎತ್ತಿ, ಗಾಳಿಯಲ್ಲೇ ಹಿಡಿದು, ಬೆವತು, ಕೊನೆಗೆ ಗೆರೆ ಎಳೆದೇ ಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಕಾಕು ಒಳಗಿನಿಂದ ಕೂಗಿದರು.

ಹಾಗಾಗಿ ಪ್ರೋಗ್ರಾಮನ್ನೇ ತಿದ್ದಿದೆ. ಸಿಕ್ಕಿದ್ದೆಲ್ಲ ಮೇಯುವ ಆಡನ್ನು ಕಟ್ಟಿಹಾಕಿ, ಸಾಲಿನ ತುದಿಯಲ್ಲಿ ಕಾಕಾರ ಮುಚ್ಚುವ ಗುರುತು ಇದ್ದರೆ ಅದನ್ನಷ್ಟೇ ತೆಗೆ, ಅದರ ಹಿಂದೆ ಚುಕ್ಕೆ ಎರಡು ಸೊನ್ನೆ ಇದ್ದರೆ ಅವನ್ನೂ ತೆಗೆ, ಅಲ್ಲಿಗೆ ನಿಲ್ಲು ಎಂದು ಬರೆದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಫೈಲನ್ನು ಮುಟ್ಟಬೇಡ, ಮಗಳಿಗೆ ಬೇರೆ ಪ್ರತಿ ಮಾಡು ಎಂದೆ. ಅವರ ಪ್ರತಿಯಲ್ಲಿ ಸಾಲು ಮುಚ್ಚಿರುತ್ತದೆ, ಅವಳ ಪ್ರತಿಯಲ್ಲಿ ತೆರೆದಿರುತ್ತದೆ. ಕಾಕಾ ಹಾಗೆಲ್ಲ ಸುಮ್ಮನೆ ಒಪ್ಪಲಿಲ್ಲ. ಬಿಳಿ ಅಂಗಿ ತೊಟ್ಟು ಬಂದು ಕೂತು ನನ್ನ ಪ್ರೋಗ್ರಾಮನ್ನು ತಪ್ಪಿಸಲು ನೋಡಿದರು. ಸಾವಿರ ಬರೆದು ನೋಡಿದರು, ಬರೀ ಸೊನ್ನೆ ಬರೆದು ನೋಡಿದರು, ಗೆರೆಗಳನ್ನು ಅದಲುಬದಲು ಮಾಡಿದರು. ಎರಡು ಕಡೆ ಸಿಕ್ಕಿಬಿದ್ದೆ, ತಿದ್ದಿದೆ. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಕಾಡಿದವರು ಯಾರೂ ಇಲ್ಲ.

ಕೆಟ್ಟುಹೋದ ಪುಟಗಳ ಅಂಕಿಗಳನ್ನು ಕಾಕಾ ಮೊದಲಿನಿಂದ ತಿದ್ದಿದರು. ಕಾಕು ಪಕ್ಕದಲ್ಲಿ ಕೂತು ಪುಸ್ತಕ ನೋಡಿ ಓದಿ ಹೇಳುತ್ತಿದ್ದರು, ಮಗಳು ಅಲ್ಲೇ ಗೋಡೆಗೆ ಒರಗಿ ಕೇಳಿ ಸುಳ್ಳು ಪಾದರಸವನ್ನು ಮರೆತು ಖರೇ ಪಾದರಸವನ್ನು ಕಲಿತಳು. ಉಳಿದ ಪುಸ್ತಕವೂ ಪರೀಕ್ಷೆಗೆ ಮುಂಚೆ ಮುಗಿಯಿತು. ಕಾಕಾ ನನ್ನನ್ನು ಬಲವಂತದಿಂದ ಕರೆದು ಕೂರಿಸಿ ಕೊನೆಯ ಸಾಲನ್ನು ನನ್ನ ಎದುರೇ ಮುಚ್ಚಿದರು.

ತಾನು ಹೇಳಿದ ಉತ್ತರಗಳನ್ನು ಗುರುತು ಮಾಡಲು ಒಬ್ಬರನ್ನು ಪಕ್ಕ ಕೂರಿಸಿಕೊಂಡು ಅವಳು ಪರೀಕ್ಷೆ ಬರೆದಳು. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾದದ್ದು, ಓಣಿಯವರೆಲ್ಲ ಕೇಳಿ ಕೇಳಿ ಸತಾಯಿಸಿದ್ದು ಬೇರೆ ಕಥೆ. ಪಟ್ಟಿಯಲ್ಲಿ ಹೆಸರು ಬಂತು. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕೆಲಸವೂ ಬಂತು.

ಮೊದಲ ದಿನ ಅವಳು ಒಬ್ಬಳೇ ಹೋಗುತ್ತೇನೆಂದಳು. ಧಾರವಾಡದ ಬಸ್ಸು ಅವಳಿಗೆ ಅಭ್ಯಾಸ, ಕಂಡಕ್ಟರರಿಗೂ ಅವಳು ಗೊತ್ತು. ಹುಬ್ಬಳ್ಳಿಯ ದಾರಿ ಹೊಸದು, ಗದ್ದಲದ್ದು. ಕಾಕಾ ಬಿಳಿ ಅಂಗಿ ತೊಟ್ಟು ಜೊತೆಗೆ ಹೊರಡಲು ತಯಾರಾಗಿದ್ದರು. 'ಬ್ಯಾಡಪ್ಪಾ. ಇವತ್ತು ನೀ ಬಂದ್ರ ನಾಳೆನೂ ಬರ್ತಿ. ಆಫೀಸ್ ಮುಟ್ಟಿದ ಕೂಡ್ಲೇ ತಿಳಸ್ತೇನಿ,' ಎಂದು ಗೇಟಿನಲ್ಲೇ ತಡೆದು, ಕೋಲು ಬಿಚ್ಚಿಕೊಂಡು ಹೊರಟಳು. ಅವಳು ಹತ್ತಿದ್ದು, ಬಸ್ಸು ಮೂಲೆ ತಿರುಗಿದ್ದು ಕಂಡಿತು. ಆಮೇಲೆ ಏನೂ ಇಲ್ಲ.

ನಾನು ಅವಳಿಗೆ ಒಂದು ಮಾತು ಹೇಳಿ ಹೋಗೋಣವೆಂದು ಬಂದವಳು. 'ಬರ್ತೇನ್ರಿ ಕಾಕಾ,' ಎಂದು ಹೊರಗೆ ಬಂದು ಚಿಲಕ ಹಾಕಿದೆ. ಹೋಗಲಾಗಲಿಲ್ಲ. ಕಾಕಾ ಒಳಗೆ, ನಾನು ಹೊರಗೆ, ನಡುವೆ ಗೇಟು. ಅವರು ಫೋನನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ನಾನು ಬಿಸಿಲಿನ ಬಗ್ಗೆ ಮಾತಾಡಿದೆ, ಸೊಪ್ಪಿನ ಬಗ್ಗೆ ಮಾತಾಡಿದೆ. ಕಾಕಾ ಎಲ್ಲದಕ್ಕೂ ಹೂಂ ಎಂದರು. ಒಳಗೆ ಪಾತ್ರೆಯ ಸದ್ದೂ ಇರಲಿಲ್ಲ, ಕಾಕುವೂ ಕಿವಿಗೊಟ್ಟು ಕಾಯುತ್ತಿದ್ದರೆಂದು ಕಾಣುತ್ತದೆ. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಕಾಕಾರ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತ್ತು. 'ಗದ್ದಲ ಭಾಳ ಇರ್ತೈತಿ ಅಲ್ಲಿ,' ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಫೋನು ಸಣ್ಣಗೆ ಸದ್ದು ಮಾಡಿತು. ಕಾಕಾ ಕನ್ನಡಕ ಏರಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಗೇಟಿನ ಮೇಲಿಂದ ನನ್ನ ಕಡೆ ಹಿಡಿದರು. ಒಂದೇ ಪದದ ಸಂದೇಶ, ಅವಳೇ ಟೈಪ್ ಮಾಡಿದ್ದು:

ಮುಟ್ಟಿದ್ನಿ/-

'ಮುಚ್ಚ್ಯಾಳ ನೋಡ್ರಿ ಅಕ್ಕಾರ,' ಎಂದರು ಕಾಕಾ. 'ಇನ್ನ ಅದರ ಮುಂದ ಯಾರೂ ಏನೂ ಸೇರಸಾಂಗಿಲ್ಲ.'

ಫೋನನ್ನು ಪೆನ್ನಿನ ಪಕ್ಕ ಜೇಬಿಗಿಟ್ಟುಕೊಂಡು, ಒಳಗೆ ತಿರುಗಿ, 'ಕೇಳ್ತೇನು? ಮಗಳು ಮುಟ್ಟ್ಯಾಳ. ಚಾ ಇಡು, ಅಕ್ಕಾರೂ ಕುಡದು ಹೋಗ್ತಾರ,' ಎಂದು ಕೂಗಿದರು. ನಾನು ಹಾಕಿದ ಚಿಲಕವನ್ನು ನಾನೇ ತೆಗೆದು ಒಳಗೆ ಹೋದೆ.